ಪಕ್ಕದ ಮನೆಯ ಅಜ್ಜಿಯ ಕೋಳಿಗಳು

ರಾಮನಗರದಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ನಾಟಿ ಕೋಳಿ ಸಾಕಿದ್ದರು. ಮೊಟ್ಟೆಯನ್ನು ಸೆರಗಿನಲ್ಲಿ ಒರೆಸಿ ಕೊಡುವಾಗಲೆಲ್ಲ, “ಬೇಯಿಸ್ಕಂಡೇ ತಿನ್ನವ್ವ” ಎನ್ನುತ್ತಿದ್ದರು.

ಒಮ್ಮೆ ನಮ್ಮ ಬೀದಿಯ ಮನೆಯೊಂದರಲ್ಲಿ ಮಗುವಿನ ನಾಮಕರಣಕ್ಕೆ ಉಂಡವರು ವಾಂತಿಭೇದಿಯಾಗಿ ಆಸ್ಪತ್ರೆ ಸೇರಿದರು. ಅವರಲ್ಲಿ ಸಿಕ್ಕಿದ್ದು ಕೋಳಿ, ಮೊಟ್ಟೆಗಳಿಂದ ಹರಡಬಲ್ಲ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ; ಪರೀಕ್ಷಿಸಿದಾಗ ಅದು ಅಜ್ಜಿಯ ಕೋಳಿಗಳಲ್ಲೂ ಇತ್ತು. ಯಾರೂ ಬೈಯಲಿಲ್ಲ, ಅಜ್ಜಿಯ ಜೊತೆ ಮಾತು ಬಿಟ್ಟೆವು. ಅಜ್ಜಿ ಕೋಳಿಗಳನ್ನೆಲ್ಲ ತಾವೇ ಕೊಂದು ಹಿತ್ತಲಲ್ಲಿ ಹೂತರು.

ಆಮೇಲೆ ಆ ಬ್ಯಾಕ್ಟೀರಿಯಾದ ಜೀನ್ ಪರೀಕ್ಷೆಯ ಫಲಿತಾಂಶ ಬಂತು. ಆಸ್ಪತ್ರೆಯ ಡಾಕ್ಟರು ಅಜ್ಜಿಯ ಜಗಲಿಯಲ್ಲಿ ಕೂತು ವಿವರಿಸಿದರು: “ಬ್ಯಾಕ್ಟೀರಿಯಾದ ಹೆಸರು ಒಂದೇ ಅಜ್ಜಿ, ತಳಿ ಬೇರೆ. ಜನರಿಗೆ ತಗುಲಿದ ತಳಿ ನಾಮಕರಣಕ್ಕೆ ತಂದಿದ್ದ ಕೇಕಿನ ಕ್ರೀಮಿನಲ್ಲಿ ಸಿಕ್ಕಿದೆ. ನಿಮ್ಮ ಕೋಳಿಗಳದ್ದಲ್ಲ.”

“ಆಗ್ಲಿ ಬುಡಪ್ಪ” ಎಂದರು ಅಜ್ಜಿ.

ಮರುದಿನ ನಾನು ಎರಡು ಕೋಳಿಮರಿ ಕೊಂಡು, ಬುಟ್ಟಿಯಲ್ಲಿಟ್ಟು ಅಜ್ಜಿಯ ಮನೆಗೆ ಹೋದೆ. ಅಜ್ಜಿ ಒಂದನ್ನು ಎತ್ತಿ ಸವರಿ, ಮತ್ತೆ ಬುಟ್ಟಿಗೇ ಬಿಟ್ಟರು.

“ಬ್ಯಾಡ ಕಣವ್ವ. ಇನ್ಯಾರ್ಗಾದ್ರೂ ಹೊಟ್ಟೆ ಕೆಟ್ರೆ, ಮೊದ್ಲು ನಮ್ಮನೆ ಕಡೀಕೇ ನೋಡ್ತೀರ.”