ನಾನು ಬೇಡಿದ್ದನ್ನು ಸಿದ್ಧೇಶ್ವರ ಕೊಡಲಿಲ್ಲ

ನನ್ನ ಅತ್ತೆ ಸಾಯುವ ಮುಂಚೆ ಎರಡು ತಿಂಗಳು ನೋವಿನಿಂದ ಕೂಗುತ್ತಿದ್ದರು. ಅವರಿಗೆ ಹೊಟ್ಟೆಯ ಕ್ಯಾನ್ಸರ್. ಆಸ್ಪತ್ರೆಯವರು ಮನೆಗೆ ಕಳಿಸುವಾಗ, ಕಾಯಿಲೆ ವಾಸಿಯಾಗುವುದಿಲ್ಲ, ನೋವು ಕಾಣದ ಹಾಗೆ ಮಾತ್ರ ನೋಡಿಕೊಳ್ಳಬಹುದು ಎಂದು ಹೇಳಿ ಒಂದು ಡಬ್ಬಿಯಲ್ಲಿ ಮಾತ್ರೆ ಕೊಟ್ಟಿದ್ದರು. ಮೊದಮೊದಲು ಆ ಮಾತ್ರೆ ನುಂಗಿ ಅತ್ತೆ ಎದ್ದು ಕೂತು ಸೊಪ್ಪು ಸೋಸುತ್ತಿದ್ದರು, ಹಾದಿಯಲ್ಲಿ ಹೋಗುವವರನ್ನು ಕರೆದು ಮಾತಾಡಿಸುತ್ತಿದ್ದರು. ಆಮೇಲೆ ಮಾತ್ರೆ ಹಿಡಿಯುವುದನ್ನೇ ಬಿಟ್ಟಿತು. ಕಾಯಿಲೆ ಹೆಚ್ಚಾಯಿತು ಎಂದುಕೊಂಡೆವು. ಕಾರ್ತಿಕ ಮಾಸದಲ್ಲಿ, ಹಾಸಿಗೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಹೋದರು.

ಸಿದ್ಧರಬೆಟ್ಟದ ಸಿದ್ಧೇಶ್ವರನಿಗೆ ನಡೆದುಕೊಳ್ಳುವ ನನ್ನಂಥವರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನನ್ನ ಮಗಳು ಚೈತ್ರಳೂ ಓದಿದ್ದಾಳೆ, ಒಂದು ಸಾಲನ್ನೂ ತೆಗೆಯಬೇಡ ಎಂದಿದ್ದಾಳೆ.

ನಮ್ಮದು ಮಧುಗಿರಿ. ನಾನು ಪುರವರದ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ನಮ್ಮ ಯಜಮಾನರು ಪಾವಗಡದ ಕಡೆ ಓಡುವ ಬಸ್ಸಿನಲ್ಲಿ ಕಂಡಕ್ಟರು. ಇಬ್ಬರೂ ಬೆಳಿಗ್ಗೆ ಹೊರಟರೆ ಅತ್ತೆಯನ್ನು ನೋಡಿಕೊಳ್ಳುತ್ತಿದ್ದವಳು ಚೈತ್ರ. ಆಗ ಅವಳಿಗೆ ಹದಿನೇಳು, ಎರಡನೇ ಪಿಯುಸಿ. ಕಾಲೇಜಿಗೆ ಹೋಗುವ ಮುಂಚೆ ಒಂದು ಸಲ, ಬಂದ ಮೇಲೆ ಒಂದು ಸಲ ಅಜ್ಜಿಗೆ ಮಾತ್ರೆ ಕೊಡುತ್ತಿದ್ದಳು. ಪಕ್ಕದ ಮನೆಯವರು, "ಮೊಮ್ಮಗಳು ಅಂದ್ರೆ ಹಿಂಗಿರ್ಬೇಕು ಕಣಮ್ಮ" ಎನ್ನುತ್ತಿದ್ದರು. ನನಗೂ ಹೆಮ್ಮೆಯೇ.

ಅತ್ತೆಯ ತಿಥಿ ಮುಗಿದ ಮೇಲೆ, ಉಳಿದ ಮಾತ್ರೆಗಳನ್ನು ವಾಪಸ್ ತಂದುಕೊಡಬೇಕೆಂದು ಆಸ್ಪತ್ರೆಯವರು ಮೊದಲೇ ಹೇಳಿದ್ದರಿಂದ ಯಜಮಾನರು ಡಬ್ಬಿ ತೆಗೆದುಕೊಂಡು ಹೋದರು. ಔಷಧಿ ಕೊಡುವ ಹೆಂಗಸು ಮಾತ್ರೆಗಳನ್ನು ಕಾಗದದ ಮೇಲೆ ಸುರಿದು ನೋಡಿ, "ಇದು ನಾವ್ ಕೊಟ್ಟಿದ್ದಲ್ಲ ಸಾರ್. ಮೂಳೆಗೆ ತಗೋತಾರಲ್ಲ, ಆ ಕ್ಯಾಲ್ಸಿಯಂ ಮಾತ್ರೆ" ಎಂದರಂತೆ. ಅವರು ಆಸ್ಪತ್ರೆಯಿಂದ ನೇರ ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ ನಡುಮನೆಯಲ್ಲಿ ನಿಂತು ಮಗಳನ್ನು ಕರೆದರು. ಅವಳು ಡಬ್ಬಿ ನೋಡಿದ ಕೂಡಲೇ ಗೋಡೆಗೆ ಒರಗಿ ಕುಸಿದು ಕೂತಳು.

ಮೊದಲ ಟೆಸ್ಟಿನಲ್ಲಿ ಫಿಸಿಕ್ಸ್ ಫೇಲಾದ ದಿನ ತಲೆನೋವೆಂದು ಅಳುತ್ತಿದ್ದಳಂತೆ. ಅತ್ತೆಯೇ ಕರೆದು, "ಒಂದು ನುಂಗು ಮಗ, ಒಳ್ಳೆ ಮಾತ್ರೆ, ನಂಗೇ ಹಿಡೀತದೆ, ನಿಂಗೆ ಹಿಡಿಯಾಕಿಲ್ವಾ" ಎಂದು ತಮ್ಮ ಕೈಯಾರೆ ಒಂದು ಕೊಟ್ಟಿದ್ದರು. ಅಲ್ಲಿಂದ ಶುರು. ಮೊದಲು ವಾರಕ್ಕೊಂದು, ಆಮೇಲೆ ದಿನಕ್ಕೊಂದು, ಆಮೇಲೆ ಅಜ್ಜಿಯ ಪಾಲಿನದ್ದೆಲ್ಲ ಇವಳಿಗೆ. ಅಜ್ಜಿಗೆ ನನ್ನ ಕ್ಯಾಲ್ಸಿಯಂ ಮಾತ್ರೆ.

"ಅಜ್ಜಿ ಕೂಗೋದು ಕೇಳಿಸ್ತಿರಲಿಲ್ವೇನೆ ನಿಂಗೆ?" ಎಂದು ಕೇಳಿದೆ.

"ಕೇಳಿಸ್ತಿತ್ತು," ಎಂದಳು. "ಮಾತ್ರೆ ತಗೊಂಡ್ರೆ ಕೇಳಿಸ್ತಿರಲಿಲ್ಲ."

ಯಜಮಾನರು ಹೊಡೆಯಲು ಕೈ ಎತ್ತಿದವರು ಹಾಗೆಯೇ ಇಳಿಸಿ ಹೊರಗೆ ಹೋದರು. ತಾಯಿ ಸತ್ತಾಗ ಅಳದಿದ್ದವರು ಅವತ್ತು ಜಗಲಿಯ ಮೇಲೆ ಕೂತು ಅತ್ತರು.

ಇದರಲ್ಲಿ ನನ್ನದೂ ಒಂದು ಪಾಲಿದೆ. ದಸರೆ ರಜೆಯಲ್ಲಿ ಚೈತ್ರ ಕಾಲೇಜಿನ ವಾರ್ಷಿಕ ಸಂಚಿಕೆಗೆ ಒಂದು ಕಥೆ ಬರೆದು, ತಿದ್ದಿಕೊಡು ಎಂದು ನನ್ನ ಕೈಗೆ ಕೊಟ್ಟಿದ್ದಳು. ಕಾಯಿಲೆಯ ಅಪ್ಪನ ಮಾತ್ರೆ ಕದಿಯುವ ಹುಡುಗನ ಕಥೆ. ಕೊನೆಯಲ್ಲಿ ಆ ಹುಡುಗ ಸಾಯುತ್ತಾನೆ. ನಾನು ಕೆಂಪು ಪೆನ್ನು ಹಿಡಿದು ಒತ್ತಕ್ಷರ, ದೀರ್ಘ ಎಲ್ಲ ತಿದ್ದಿದೆ. ಅಂಚಿನಲ್ಲಿ, 'ಮುಕ್ತಾಯ ಕಠೋರವಾಯಿತು, ಹುಡುಗ ಪಶ್ಚಾತ್ತಾಪಪಟ್ಟು ಬದಲಾಗುವಂತೆ ಮಾಡು' ಎಂದು ಬರೆದೆ.

"ಅಂಗೆ ಮುಗಿಯಲ್ಲ ಅಮ್ಮ," ಎಂದಳು.

"ಕಥೆ ಅಂದ್ಮೇಲೆ ಓದೋರಿಗೆ ಒಂದು ನೀತಿ ಇರ್ಬೇಕಲ್ಲ," ಎಂದೆ. ಪಕ್ಕದ ಕೋಣೆಯಲ್ಲಿ ಅತ್ತೆ ಕೂಗುತ್ತಲೇ ಇದ್ದರು. ಮಗಳು ನನ್ನ ಮುಂದೆ ಬಾಯಿ ಬಿಟ್ಟು ಹೇಳಿದ್ದಳು. ನಾನು ಕಾಗುಣಿತ ನೋಡಿದೆ. ವ್ಯಸನದ ಬಗ್ಗೆ ಎಷ್ಟೋ ಕಥೆ ಪಾಠ ಮಾಡಿದ್ದೇನೆ, ಮಕ್ಕಳ ಪ್ರಬಂಧಗಳಿಗೆ ಅಂಕ ಹಾಕಿದ್ದೇನೆ. ಅವುಗಳಲ್ಲಿ ಹುಡುಗ ಕಡೆಯ ಪುಟದಲ್ಲಿ ಸಾಯುತ್ತಾನೆ, ಇಲ್ಲವೇ ತಾಯಿಯ ಕಾಲು ಹಿಡಿದು ಸುಧಾರಿಸುತ್ತಾನೆ. ದಿನವೂ ವಾಂತಿ ಬಳಿಯುವುದು, ಮಗಳ ಚೀಲ ತಡಕಿ ನೋಡುವುದು, ಬಚ್ಚಲಿನ ಚಿಲಕ ಕೀಳಿಸುವುದು ಯಾವ ಕಥೆಯಲ್ಲೂ ಇರಲಿಲ್ಲ.

ತುಮಕೂರಿನ ಒಂದು ಕೇಂದ್ರದಲ್ಲಿ ಮೂರು ವಾರ ಇಟ್ಟೆವು. ಸಂಕ್ರಾಂತಿಗೆ ಮನೆಗೆ ಬಂದಳು. ಮೈ ಸ್ವಲ್ಪ ತುಂಬಿಕೊಂಡಿತ್ತು, ಎಳ್ಳು ಬೀರಲು ನನ್ನ ಜೊತೆ ನಾಲ್ಕು ಮನೆಗೂ ಬಂದಳು. ಹದಿನೈದು ದಿನ. ಆಮೇಲೆ ಮತ್ತೆ ಕಣ್ಣು ಕಿರಿದಾಗತೊಡಗಿತು. ಪುಸ್ತಕದ ಚೀಲ ಹಾಕಿಕೊಂಡು ಕಾಲೇಜಿಗೆಂದು ಹೊರಟವಳು ಶಿರಾದ ಬಸ್ಸು ಹತ್ತಿ ಹೋಗಿ, ಅಲ್ಲಿ ಯಾವನದೋ ಹತ್ತಿರ ಮಾತ್ರೆ ತೆಗೆದುಕೊಂಡು, ಮಧ್ಯಾಹ್ನದೊಳಗೆ ವಾಪಸ್ ಬರುತ್ತಿದ್ದಳು. ಯಜಮಾನರ ಜೊತೆ ಕೆಲಸ ಮಾಡುವ ಇನ್ನೊಬ್ಬ ಕಂಡಕ್ಟರು ನೋಡಿ ಹೇಳಿದ ಮೇಲೆ ಗೊತ್ತಾಯಿತು. ಕೂಡಿಹಾಕಿದೆವು. ಕಿಟಕಿಯ ಸರಳಿಗೆ ತಲೆ ಚಚ್ಚಿಕೊಂಡಳು. ಬಿಟ್ಟೆವು. ಮತ್ತೆ ಹೋದಳು.

ಮಾಘ ಮಾಸದ ಒಂದು ಸೋಮವಾರ ರಜೆ ಹಾಕಿ ಕೊರಟಗೆರೆಯ ಬಸ್ಸು ಹಿಡಿದು ಒಬ್ಬಳೇ ಸಿದ್ಧರಬೆಟ್ಟಕ್ಕೆ ಹೋದೆ. ನಾನು ಮದುವೆಯಾಗಿ ಬಂದಾಗಿನಿಂದ ಹತ್ತುತ್ತಿರುವ ಮೆಟ್ಟಿಲು. ಅವತ್ತು ನಾಲ್ಕು ಕಡೆ ಕೂತು ಹತ್ತಿದೆ. ಗವಿಯೊಳಗೆ ಬಾಗಿ ಹೋಗಿ, ಸಿದ್ಧೇಶ್ವರನ ಮುಂದೆ ಕೂತೆ. ಮಗಳನ್ನು ಗುಣ ಮಾಡು ಎಂದು ಎಷ್ಟು ಸಲ ಕೇಳಿದ್ದೆನೋ. ಅವತ್ತು ಅದನ್ನು ಕೇಳಲು ಬಾಯಿ ಬರಲಿಲ್ಲ. "ಸ್ವಾಮಿ, ಅವಳನ್ನ ಕರ್ಕೊಂಡ್ಬುಡು. ನನ್ ಕೈಲಾಗಲ್ಲ" ಎಂದೆ. ಕಣ್ಣಲ್ಲಿ ಒಂದು ಹನಿಯೂ ಬರಲಿಲ್ಲ. ಮನಸ್ಸಿಟ್ಟು ಬೇಡಿದೆ, ಪ್ರಸಾದದ ಹೂವನ್ನು ಮುಡಿದುಕೊಂಡು ಇಳಿದೆ. ಈ ಮಾತನ್ನು ಬರೆಯಬೇಕೆಂದೇ ಇಷ್ಟನ್ನೆಲ್ಲ ಬರೆದಿದ್ದೇನೆ.

ಬುಧವಾರ ಒಂಬತ್ತನೇ ತರಗತಿಯಲ್ಲಿ ಸಂಧಿ ಪಾಠ ಮಾಡುತ್ತಿದ್ದಾಗ ಶಿರಾದಿಂದ ಫೋನು. ಗುರುತಿಲ್ಲದ ಹೆಂಗಸಿನ ದನಿ. "ಚೈತ್ರ ಅಂತ ಕಾಲೇಜ್ ಕಾರ್ಡಲ್ಲಿ ಐತೆ. ನಿಮ್ ಬಚ್ಚೀನಾ ಅಮ್ಮಾ? ಜೀವ ಐತೆ, ಜಲ್ದಿ ಬನ್ನಿ."

ಕೇಳಿಸಿಕೊಂಡುಬಿಟ್ಟ, ಅನಿಸಿತು. ಯಜಮಾನರಿಗೆ ಫೋನು ಮಾಡಿ, ಪಾಠ ಅರ್ಧಕ್ಕೇ ಬಿಟ್ಟು ಹೊರಟೆ.

ಫೋನು ಮಾಡಿದವರು ಮೆಹರುನ್ನಿಸಾ. ಶಿರಾದಲ್ಲಿ ಬಳೆ ಅಂಗಡಿ ಇಟ್ಟುಕೊಂಡಿದ್ದಾರೆ. ಮಧ್ಯಾಹ್ನ ಕಸ ಹಾಕಲು ಅಂಗಡಿಯ ಹಿಂದಿನ ಓಣಿಗೆ ಹೋದಾಗ, ಒಂದು ಕಾಲು ಮೈಕೆಳಗೆ ಮಡಿಸಿಹೋಗಿ, ತುಟಿ ನೀಲಿಯಾಗಿ ಬಿದ್ದಿದ್ದ ಹುಡುಗಿ ಕಂಡಿದ್ದಳು. ಬೆಳಿಗ್ಗೆಯಿಂದ ಹಾಗೆಯೇ ಬಿದ್ದಿದ್ದಿರಬೇಕು. ತಮ್ಮ ದುಪಟ್ಟಾದಲ್ಲಿ ಬಾಯಿ ಒರೆಸಿ, ಪಕ್ಕಕ್ಕೆ ಹೊರಳಿಸಿ, ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋಗಿದ್ದರು. ನಾವು ತಲುಪುವಷ್ಟರಲ್ಲಿ ಚೈತ್ರಳಿಗೆ ಉಸಿರು ಸರಿಯಾಗಿತ್ತು. ಸಂಜೆಗೆ ಆಂಬುಲೆನ್ಸಿನಲ್ಲಿ ತುಮಕೂರಿಗೆ ಒಯ್ದರು.

ಅಲ್ಲಿನ ಡಾಕ್ಟರು ನಮ್ಮನ್ನು ಕೂರಿಸಿಕೊಂಡು ವಿವರಿಸಿದರು. ಗಂಟೆಗಟ್ಟಲೆ ಮೈಭಾರ ಬಿದ್ದು ಕಾಲಿನ ಮಾಂಸಖಂಡ ಸತ್ತಿದೆ, ಅದರ ವಿಷ ಮೂತ್ರಪಿಂಡಕ್ಕೆ ಹೋಗಿದೆ, ಮೂತ್ರವೇ ಉತ್ಪತ್ತಿಯಾಗುತ್ತಿಲ್ಲ. ಡಯಾಲಿಸಿಸ್ ಮಾಡುತ್ತಾ ಕಾಯಬೇಕು. ಮೂತ್ರಪಿಂಡ ಮತ್ತೆ ಕೆಲಸ ಶುರು ಮಾಡಬಹುದು, ಮಾಡದೆಯೂ ಇರಬಹುದು.

ಮಂಚದ ಪಕ್ಕದಲ್ಲಿ ಮೂತ್ರದ ಚೀಲ ತೂಗುತ್ತಿತ್ತು. ಒಂಬತ್ತು ದಿನ ನಾನು ಮಗಳ ಮುಖಕ್ಕಿಂತ ಆ ಚೀಲವನ್ನೇ ನೋಡಿದೆ. ತಳದಲ್ಲಿ ಟೀ ಬಣ್ಣದ ನಾಲ್ಕು ಹನಿ. ಅವಳ ಮುಖ ಬಾತುಕೊಂಡು ಗುರುತೇ ಸಿಗುತ್ತಿರಲಿಲ್ಲ. ಪ್ರಜ್ಞೆ ಬಂದಾಗ ನನ್ನನ್ನು ನೋಡಿ, "ಯಾಕಮ್ಮ ಎಬ್ಬಿಸಿದ್ರಿ" ಎಂದಳು.

ಒಂಬತ್ತನೆಯ ದಿನ ಮೆಹರುನ್ನಿಸಾ ಬಂದರು. ಅಂಗಡಿ ಮುಚ್ಚಿ, ಶಿರಾದಿಂದ ಬಸ್ಸಿನಲ್ಲಿ, ಡಬ್ಬಿಯಲ್ಲಿ ಗಂಜಿ ಹಿಡಿದುಕೊಂಡು. ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಾಗ, ಗಂಡನಿಗೂ ಹೇಳದಿದ್ದನ್ನು ಅವರಿಗೆ ಹೇಳಿದೆ. "ನಾನೇ ಕೇಳ್ಕೊಂಡಿದ್ದೆ ಆಪಾ. ದೇವರ ಹತ್ರ ಹೋಗಿ, ಅವಳು ಸಾಯ್ಲಿ ಅಂತ."

ಅವರು ನನ್ನ ಕೈ ಹಿಡಿದುಕೊಂಡು ಹೇಳಿದರು: "ನನ್ಗೂ ಒಬ್ಬ ಮಗ ಇದ್ದ. ಇದೇ ಚಟ. ನಾನೂ ದುವಾ ಕೇಳ್ದೆ, ಎತ್ಕೊಂಬುಡು ಯಾ ಅಲ್ಲಾ ಅಂತ. ಆರೇ ದಿನಕ್ಕೆ ಹೋದ. ನಾನ್ ಕೇಳಿದ್ದಕ್ಕೇ ಹೋದ್ನೋ, ಅವ್ನ ಹಣೇಲಿ ಅಷ್ಟೇ ಬರ್ದಿತ್ತೋ, ಇವತ್ತಿಗೂ ನಂಗೆ ಗೊತ್ತಾಗಿಲ್ಲ. ನಿನ್ ಮಗಳು ಇನ್ನೂ ಉಸಿರಾಡ್ತಾ ಅವ್ಳೆ. ಹೋಗು. ಕೇಳಿದ್ನ ವಾಪಸ್ ತಗೋತೀನಿ ಅಂತ ಹೇಳ್ಬುಟ್ ಬಾ. ನಾನಿಲ್ಲಿ ಕೂತಿರ್ತೀನಿ."

ನಾನು ಉಟ್ಟ ಸೀರೆಯಲ್ಲೇ ಹೊರಟೆ. ಕೊರಟಗೆರೆಯ ಬಸ್ಸಿನಲ್ಲಿ ಸೀಟು ಸಿಗಲಿಲ್ಲ, ನಿಂತೇ ಹೋದೆ. ಬೆಟ್ಟ ಹತ್ತುವಾಗ ನನಗೆ ನಂಬಿಕೆ ಇತ್ತೆಂದು ಹೇಳಿದರೆ ಸುಳ್ಳಾಗುತ್ತದೆ. ಭಯ ಇತ್ತು. ಗವಿಯಲ್ಲಿ ಅಂದು ಜನವಿರಲಿಲ್ಲ. ತಲೆಯನ್ನು ಕಲ್ಲಿಗೆ ಒತ್ತಿ, "ಅವತ್ತು ಅಂದಿದ್ದು ಬ್ಯಾಡ ಸ್ವಾಮಿ. ಹೆಂಗಿದ್ರೂ ಸರಿ, ಇರ್ಲಿ. ಕುಂಟಿಯಾಗ್ಲಿ, ಕಳ್ಳಿಯಾಗ್ಲಿ, ನಮ್ಮ ಮನೇಲಿರ್ಲಿ" ಎಂದೆ. ಆಗ ಅಳು ಬಂತು. ಅತ್ತೆಯ ಸಾವಿನ ಅಳುವೂ ಅದರಲ್ಲೇ ಸೇರಿಕೊಂಡಿತ್ತು.

ಕೆಳಗೆ ಇಳಿದು ಬಸ್ಸಿಗೆ ಕಾಯುತ್ತಿದ್ದಾಗ ಯಜಮಾನರ ಫೋನು ಬಂತು. ತೆಗೆಯಲು ಧೈರ್ಯ ಸಾಲಲಿಲ್ಲ. ಎರಡನೆಯ ಸಲ ತೆಗೆದೆ.

"ಲೇ, ಚೀಲದಾಗೆ ಬಂದೈತೆ," ಎಂದರು. "ನೂರೈವತ್ತು ಎಮ್ಮೆಲ್ ಅಂತೆ. ನರ್ಸಮ್ಮ ಗೆರೆ ನೋಡಿ ಬರ್ಕೊಂಡು ಹೋದ್ರು."

ಬಂದ ಮೊದಲ ಬಸ್ಸು ಹತ್ತಿ ತುಮಕೂರಿಗೆ ಹೊರಟೆ.

ಒಂಬತ್ತು, ಹತ್ತು ದಿನಕ್ಕೆ ಹೀಗೆ ತಿರುಗಿಕೊಳ್ಳುವುದು ಉಂಟು ಎಂದು ಡಾಕ್ಟರು ಹೇಳಿದರು. ನಾನು ಅವರೊಡನೆ ವಾದಕ್ಕೆ ಹೋಗಲಿಲ್ಲ. ಅವರ ಋಣವೂ ನಮ್ಮ ಮೇಲಿದೆ. ಆದರೆ ಸೋಮವಾರ ನಾನು ಬೇಡಿದ್ದನ್ನು ಕೊಡದೆ, ಬುಧವಾರ ಮಧ್ಯಾಹ್ನ ಒಬ್ಬ ತಾಯಿಯನ್ನು ಆ ಓಣಿಗೆ ಕಳಿಸಿದವನು ಯಾರು ಎಂದು ನನಗೆ ಗೊತ್ತಿದೆ. ಮೆಹರುನ್ನಿಸಾ ಅವನಿಗೆ ಬೇರೆ ಹೆಸರು ಹೇಳುತ್ತಾರೆ. ಇಬ್ಬರಿಗೂ ಅದರಲ್ಲಿ ಜಗಳವಿಲ್ಲ.

ಎಲ್ಲ ಸರಿಹೋಯಿತು ಎಂದು ಬರೆಯಲಾರೆ. ಚೈತ್ರಳ ಬಲಪಾದ ಮೇಲೆತ್ತಲು ಬರುವುದಿಲ್ಲ, ಪಟ್ಟಿ ಕಟ್ಟಿಕೊಂಡು ಎಳೆದುಕೊಂಡು ನಡೆಯುತ್ತಾಳೆ. ಪರೀಕ್ಷೆ ಬರೆಯಲಿಲ್ಲ. ಅಜ್ಜಿಯ ಕೋಣೆಯೊಳಗೆ ಈವರೆಗೂ ಕಾಲಿಟ್ಟಿಲ್ಲ. ಆಷಾಢದಲ್ಲಿ ಮತ್ತೊಮ್ಮೆ ಜಾರಿದಳು, ಮತ್ತೆ ಕೇಂದ್ರಕ್ಕೆ ಸೇರಿಸಿದೆವು. ಈಗ ಮಾತ್ರೆ ಮುಟ್ಟದೆ ನಾಲ್ಕು ತಿಂಗಳಾಯಿತು. ಐದನೆಯದಾಗುತ್ತದೆಂದು ಯಾರೂ ಬರೆದುಕೊಟ್ಟಿಲ್ಲ. ಯಜಮಾನರು ಅವಳೊಡನೆ ಮಾತಾಡುತ್ತಾರೆ, ಆದರೆ ಮುಖ ನೋಡಿ ಮಾತಾಡುವುದಿಲ್ಲ.

ಹೋದ ಸೋಮವಾರ ನಾನು ಬೆಟ್ಟಕ್ಕೆ ಹೊರಟಾಗ, "ನಾನೂ ಬತ್ತೀನಿ" ಎಂದಳು. ಹತ್ತಲು ಅವಳಿಂದಾಗುವುದಿಲ್ಲ. ಬುಡದಲ್ಲಿ, ಹಣ್ಣುಕಾಯಿ ಮಾರುವವಳ ಪಕ್ಕ ಮೆಟ್ಟಿಲ ಮೇಲೆ ಕೂತು, "ನೀನ್ ಹೋಗ್ಬಾ ಅಮ್ಮ, ನಾನಿಲ್ಲೇ ಇರ್ತೀನಿ" ಎಂದಳು. ಅಲ್ಲಿಂದ ಬಸ್ಸು ನಿಲ್ಲುವ ಜಾಗ ನೂರು ಹೆಜ್ಜೆ. ಅವಳ ಚೀಲದಲ್ಲಿ ದುಡ್ಡಿತ್ತು, ನನಗೆ ಗೊತ್ತಿತ್ತು. ಹತ್ತುವಾಗ ಒಂದೊಂದು ತಿರುವಿನಲ್ಲೂ ಹಿಂತಿರುಗಿ ನೋಡಿದೆ. ಮೂರನೆಯ ತಿರುವಿನ ಆಚೆ ಅವಳು ಕಾಣಿಸಲಿಲ್ಲ. ಗವಿಯಲ್ಲಿ ಸ್ವಾಮಿಯ ಮುಂದೆ ನಿಂತಾಗ ಏನು ಕೇಳಬೇಕೆಂದು ತಿಳಿಯಲಿಲ್ಲ. ಕೈಮುಗಿದು ಸುಮ್ಮನೆ ನಿಂತಿದ್ದು ಬಂದೆ.

ಇಳಿದು ಬಂದಾಗ ಬಿಸಿಲು ಏರಿತ್ತು. ಹಣ್ಣುಕಾಯಿಯವಳು ಊಟಕ್ಕೆ ಎದ್ದುಹೋಗಿದ್ದಳು. ಚೈತ್ರ ಅದೇ ಮೆಟ್ಟಿಲ ಮೇಲೆ, ಎತ್ತಲಾರದ ಕಾಲನ್ನು ಮುಂದೆ ಚಾಚಿಕೊಂಡು ಕೂತಿದ್ದಳು.

ಅವನಿಗೆ ಶರಣು. ಅವಳು ಅಲ್ಲೇ ಇದ್ದಳು.