ಟವೆಲ್ ಹಿಡಿದ ಸೀಟು

ಮುದ್ದೇಬಿಹಾಳದ ಗೋವಿಂದ ಮಾಸ್ತರು ನಲವತ್ತು ವರ್ಷ ಬಸ್ಸಿನ ಕಿಟಕಿಯಲ್ಲಿ ಟವೆಲ್ ಎಸೆದೇ ಹೆಂಡತಿಗೆ ಸೀಟು ಹಿಡಿದವರು. ಬೆಂಗಳೂರು ಪ್ರವಾಸದ ಕೊನೆಯ ದಿನ, ಮೊಣಕಾಲು ನೋವಿನ ಹೆಂಡತಿ ಗೋದೂಬಾಯಿಯನ್ನು ಮೆಟ್ರೊದಲ್ಲಿ ಕೂರಿಸಿ ಊರು ತೋರಿಸಲು ಹೊರಟರು. ರೈಲು ಬಂದದ್ದೇ ಒಳಗೆ ನುಗ್ಗಿ, ಖಾಲಿ ಸೀಟಿಗೆ ಟವೆಲ್ ಹಾಸಿ, ಹೆಂಡತಿಯನ್ನು ಕರೆತರಲು ಹೊರಗೆ ಬಂದರು. ಬಾಗಿಲು ಮುಚ್ಚಿ ರೈಲು ಹೊರಟೇ ಹೋಯಿತು.

“ನಾ ಇಲ್ಲೇ ನಿಂತೇನಿ, ನಿಮ್ಮ ಟವೆಲ್ ಕೂತು ಊರು ನೋಡಲಿಕ್ಕೆ ಹೊಂಟದ ನೋಡ್ರಿ!” ಎಂದರು ಗೋದೂಬಾಯಿ. ಮಾಸ್ತರರ ಮುಖ ಸಣ್ಣದಾಯಿತು.

ಮುಂದಿನ ರೈಲಿನ ಗದ್ದಲದಲ್ಲಿ ಇಬ್ಬರೂ ನಿಂತುಕೊಂಡೇ ಕೊನೆಯ ನಿಲ್ದಾಣ ಮುಟ್ಟಿದರು. ಅಲ್ಲಿ ಮೊದಲ ರೈಲಿನಲ್ಲಿದ್ದ ಹುಡುಗಿಯೊಬ್ಬಳು ಅವರ ಟವೆಲ್ ಹಿಡಿದು ಕಾಯುತ್ತಿದ್ದಳು.

“ನಾ ಇಂಡಿ ಊರಾಕಿರಿ, ಕಾಕಾ, ನಮ್ಮ ಕಡೆನೂ ಬಸ್ಸಿನ್ಯಾಗ ಹಿಂಗ ಟವೆಲ್ ಹಾಕ್ತಾರ. ಸೀಟ್ ಹಿಡಿದಾರಂತ ಗೊತ್ತಾತು. ಇದರ ಮ್ಯಾಲ ಯಾರಿಗೂ ಕೂಡಾಕ ಬಿಟ್ಟಿಲ್ರಿ.”

ಮರಳುವ ರೈಲು ಖಾಲಿ ಇತ್ತು. ಆದರೂ ಮಾಸ್ತರರು ಈ ಸಲ ಒಂದು ಕೈಯಲ್ಲಿ ಟವೆಲ್, ಇನ್ನೊಂದರಲ್ಲಿ ಹೆಂಡತಿಯ ಕೈ ಹಿಡಿದೇ ಒಳಗೆ ಹೋದರು.