ಟ್ರಾಲಿ ಗಾಲಿಯಡಿಯ ನಿಂಬೆಹಣ್ಣು

ಟೈರಿನಡಿ ಸಿಡಿದ ನಿಂಬೆಹಣ್ಣಿನ ವಾಸನೆ ಅಡುಗೆಮನೆಯ ನಿಂಬೆಯದಲ್ಲ. ಅದರಲ್ಲಿ ರಬ್ಬರಿರುತ್ತದೆ, ಮಣ್ಣಿರುತ್ತದೆ, ಡೀಸೆಲ್ಲಿನ ಒಗರು ಇರುತ್ತದೆ. ಈ ಸಲದ ಆಯುಧ ಪೂಜೆಗೆ ಹಿಂದೂಪುರದ ನಮ್ಮ ಆಫೀಸಿನ ಎದುರಿನ ಹುಣಸೆಹಣ್ಣಿನ ಮಂಡಿಯವರು ಲಾರಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿದ್ದರು. ಬೂದುಗುಂಬಳಕಾಯಿ ಒಡೆದರು, ಕರ್ಪೂರ ಹಚ್ಚಿದರು. ಮೊದಲನೆಯ ಲಾರಿ ಮೆಲ್ಲಗೆ ಮುಂದಕ್ಕೆ ಹೊರಳಿತು. ಪಟ್ ಅಂತ ಹಣ್ಣು ಸಿಡಿಯಿತು. ಕಿಟಕಿಯ ಹತ್ತಿರ ನಿಂತಿದ್ದ ನನಗೆ ಆ ವಾಸನೆ ಬಡಿದದ್ದೇ ತಡ, ನಮ್ಮೂರಿನ ಎದುರುಮನೆ ಅತ್ತೆ ಕಣ್ಣ ಮುಂದೆ ಬಂದಳು. ಸೆರಗಿನ ತುದಿ ಗಂಟು ಹಾಕಿಕೊಂಡು, ಯಾರನ್ನೂ ನಂಬದ ಕಣ್ಣು ಮಾಡಿಕೊಂಡು...

ನಾನು ಕೆಲಸ ಮಾಡುವುದು ರಸ್ತೆ ಅಪಘಾತದ ಕೇಸು ನಡೆಸುವ ವಕೀಲರೊಬ್ಬರ ಹತ್ತಿರ. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲು. ಆಂಧ್ರದೊಳಗಿನ ಕುಂದುರ್ಪಿ ಕಡೆಯ ನಮ್ಮ ಕನ್ನಡದ ಹಳ್ಳಿಯಿಂದ ಬೆಳಗಿನ ಬಸ್ಸಿನಲ್ಲಿ ನಿಂತುಕೊಂಡೇ ಕಲ್ಯಾಣದುರ್ಗಕ್ಕೆ ಹೋಗಿ ಓದಿದೆ. ಹೊಲದ ಕೆಲಸ ಮುಗಿಸಿಯೇ ಪುಸ್ತಕ ಮುಟ್ಟಿದೆ. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಯಾರೂ ಕೊಟ್ಟದ್ದಲ್ಲ ಅದು.

ನಮ್ಮ ಆಫೀಸಿಗೆ ಸಾವು ಗಾಡಿಯ ಹೆಸರು ಹೊತ್ತುಕೊಂಡೇ ಬರುತ್ತದೆ. ಬೈಕ್ ಕೇಸೆಂದರೆ ಹೆಚ್ಚಾಗಿ ಆಗತಾನೆ ಮೀಸೆ ಬಂದ ಹುಡುಗ. ಹೆಲ್ಮೆಟ್ಟು ಕನ್ನಡಿಗೆ ನೇತಾಡುತ್ತಿರುತ್ತದೆ. ಆಟೊ ಕೇಸೆಂದರೆ ಕೂಲಿಗೆ ಹೊರಟ ಹೆಂಗಸರು, ಒಂದೇ ಆಟೊದಲ್ಲಿ ಅರ್ಧ ಕೇರಿ. ಚಿಲಮತ್ತೂರಿನ ಹೈವೇ ಕಡೆಯಿಂದ ಬಂದರೆ, ದೀಪವಿಲ್ಲದೆ ನಿಂತ ಲಾರಿಗೆ ಹಿಂದಿನಿಂದ ನುಗ್ಗಿದ ಕಾರು. ನಡೆದುಕೊಂಡು ಹೋಗುತ್ತಿದ್ದವರ ಕೇಸಿಗೆ ಮಾತ್ರ ಸ್ವಂತ ಹೆಸರಿಲ್ಲ, ಅವರನ್ನು ಕೊಂದ ಗಾಡಿಯ ಹೆಸರೇ ಅವರಿಗೂ.

ಟ್ರ್ಯಾಕ್ಟರ್ ಕೇಸು ಬೇರೆ ಥರ. ಅದು ಬಾಗಿಲಲ್ಲೇ ನಿಂತು ಯೋಚಿಸುತ್ತದೆ. ಬಂದವರು ಮೊದಲು "ಲಾರಿ" ಅನ್ನುತ್ತಾರೆ. ಲಾರಿಯ ಬಣ್ಣ ಏನು, ಯಾವ ಕಡೆ ಹೋಯಿತು ಅಂತ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಆಗ ನಾನು ಪೆನ್ನು ಕೆಳಗಿಡುತ್ತೇನೆ. ಲಾರಿ ಹೊರಗಿನದು, ಎಷ್ಟು ಬೈದರೂ ತಿರುಗಿ ಬರುವುದಿಲ್ಲ. ಟ್ರ್ಯಾಕ್ಟರ್ ಊರಿನದು, ನಾಳೆ ಅದೇ ಬಂದು ಹೊಲ ಉಳಬೇಕು. ಈ ಅನುಮಾನವನ್ನು ನನಗೆ ಯಾವ ಕಾಲೇಜೂ ಕಲಿಸಲಿಲ್ಲ. ಅದು ಅತ್ತೆಯದು.

ಅತ್ತೆ ಅಂದರೆ ರಕ್ತಸಂಬಂಧ ಏನಲ್ಲ. ಎದುರುಮನೆ, ಅದಕ್ಕೆ ಅತ್ತೆ. ಅವಳ ಗಂಡನನ್ನು ನಾವು ಮಾವ ಅನ್ನುತ್ತಿದ್ದೆವು. ಮಾವ ಊರೂರು ತಿರುಗಿ ಕುರಿಯ ಉಣ್ಣೆ ಕತ್ತರಿಸುತ್ತಿದ್ದ. ಹಳೇ ಮೊಪೆಡ್ಡು, ಮುಂದೆ ಗೋಣಿಚೀಲ, ಅದರಲ್ಲಿ ದೊಡ್ಡ ಕತ್ತರಿ. ನಾನು ಕಾಲೇಜಿಗೆ ಸೇರಿದ ವರ್ಷ, ಕಡ್ಲೆಕಾಯಿ ಕಿತ್ತು ಬಳ್ಳಿ ಸಾಗಿಸುವ ಕಾಲ. ಸಂಜೆ ಕಲ್ಯಾಣದುರ್ಗದ ಕಡೆಯಿಂದ ಬರುತ್ತಿದ್ದ ಮಾವ ಊರ ಹತ್ತಿರದ ತಿರುವಿನಲ್ಲಿ ಸತ್ತು ಬಿದ್ದಿದ್ದ. ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ.

"ಲಾರಿ ಕಣಮ್ಮ, ಹೊಡ್ದು ಹೊಂಟೋಯ್ತು" ಎಂದರು ಎಲ್ಲರೂ. ಕಂಡವರು ಯಾರು ಅಂತ ಕೇಳಿದರೆ, ಕಂಡವರು ಇನ್ಯಾರೋ. ಆ ಇನ್ಯಾರೋ ಅನ್ನುವವನು ಕೊನೆಯವರೆಗೂ ಸಿಗಲಿಲ್ಲ. ಪೊಲೀಸರು ಬಂದು ಯಾವುದೋ ಗಾಡಿ ಅಂತ ಬರೆದುಕೊಂಡು ಹೋದರು.

ಅತ್ತೆ ಮೊಪೆಡ್ಡಿನ ಸುತ್ತ ಒಂದು ಸಲ ಬಂದಳು. ಹ್ಯಾಂಡಲ್ಲಿಗೆ ಕಡ್ಲೆಕಾಯಿ ಬಳ್ಳಿ ಸುತ್ತಿಕೊಂಡಿತ್ತು. ಅದನ್ನು ಬಿಡಿಸಿ ಕೈಯಲ್ಲಿ ಹಿಡಿದಳು.

"ಲಾರಿಗ್ ಬಳ್ಳಿ ತುಂಬ್ತಾರಾ?" ಅಂದಳು.

"ಹೊಲದ್ ಬದೀಲಿ ಬಿದ್ದವ್ನೆ, ಬಳ್ಳಿ ಅಂಟ್ಕೊಳ್ದೆ ಮಲ್ಲಿಗೆ ಹೂವಾ ಅಂಟ್ಕೊಂಡಾತು?" ಅಂದರು ಯಾರೋ. ಅದೂ ಸರಿಯೇ. ಆದರೆ ಆ ಮಾತನ್ನು ಅಷ್ಟು ಬೇಗ ಆಡಬಾರದಿತ್ತು. ಅತ್ತೆ ಅವತ್ತಿನಿಂದ ಊರಿನ ಗಾಡಿಗಳನ್ನು ನೋಡುವ ರೀತಿಯೇ ಬದಲಾಯಿತು.

ಊರಿನಲ್ಲಿ ಗಾಡಿಗಳಾದರೂ ಎಷ್ಟಿದ್ದವು? ಜನರನ್ನು ಸಾಗಿಸುವ ಆಟೊ, ಸಾಮಾನು ಹೊರುವ ಆಟೊ, ಮೇಲಿನ ಬೀದಿಯವರ ಜೀಪು, ಆಮೇಲೆ ನಮ್ಮ ಸಾಲಿನಲ್ಲೇ ಇದ್ದ ಟ್ರ್ಯಾಕ್ಟರ್ ಯಜಮಾನನ ಟ್ರ್ಯಾಕ್ಟರು, ಅದರ ಹಿಂದಿನ ಕೆಂಪು ಟ್ರಾಲಿ. ಅತ್ತೆ ಯಾವುದನ್ನೂ ಹತ್ತುತ್ತಿರಲಿಲ್ಲ. ಆಟೊದವನು ಪಕ್ಕಕ್ಕೆ ನಿಲ್ಲಿಸಿ "ಹತ್ತಮ್ಮೋ, ನಿನ್ ಭಾರಕ್ಕೆ ನನ್ ಆಟೊ ಏನ್ ಕುಗ್ಗಲ್ಲ" ಅಂತ ತಮಾಷೆ ಮಾಡಿದರೆ, ಅವಳು ಆಟೊದ ಮುಂದಿನ ಗಾಲಿಯನ್ನೇ ನೋಡುತ್ತಿದ್ದಳು. ಅವನ ನಗು ಅಲ್ಲೇ ಬತ್ತುತ್ತಿತ್ತು. ಬಿಸಿಲಿನಲ್ಲಿ ರಸ್ತೆಯವರೆಗೆ ನಡೆದು, ಸರ್ಕಾರಿ ಬಸ್ಸಿಗೆ ಕಾಯುತ್ತಿದ್ದಳು. ಕಾಲೇಜಿಗೆ ಹೋಗುವ ನಾನೂ ಅವಳ ಜೊತೆ ನಿಲ್ಲುತ್ತಿದ್ದೆ.

"ಬಸ್ ಮಾತ್ರ ಹೆಂಗ್ ಹತ್ತೀಯ ಅತ್ತೆ?"

"ಬಸ್ಸು ಯಾರ್ ಮನೇದೂ ಅಲ್ಲ ಕಣಮ್ಮ. ಅದುನ್ನ ಕಾಪಾಡೋಕೆ ಯಾರೂ ಸುಳ್ ಹೇಳಲ್ಲ."

ವರ್ಷ ಹೀಗೇ ಹೋಯಿತು. ಮತ್ತೆ ಆಯುಧ ಪೂಜೆ ಬಂತು. ನಮ್ಮ ಕಡೆ ಗಾಡಿ ಪೂಜೆ ಮಾಡಿದವರು ಬೀದಿಯ ಮನೆಮನೆಗೂ ಕಡ್ಲೆಪುರಿ ಹಂಚುತ್ತಾರೆ. ಬೆಳಿಗ್ಗೆ ಆಟೊದವರು ಕೊಟ್ಟರು, ಜೀಪಿನವರು ಕೊಟ್ಟರು. ಅತ್ತೆ ಬೇಡ ಅನ್ನಲಿಲ್ಲ. ಎರಡೂ ಕೈ ಒಡ್ಡಿ ಇಸಿದುಕೊಂಡು, ಹಿತ್ತಲಿಗೆ ಹೋಗಿ ಕೋಳಿಗಳಿಗೆ ಚೆಲ್ಲಿದಳು. ನಾನು ಕಂಡುಬಿಟ್ಟೆ.

"ಪ್ರಸಾದ ಅಲ್ವಾ ಅತ್ತೆ!"

"ನಿಮ್ಮಾವುನ್ನ ತಿಂದ ಗಾಡಿ ಯಾವ್ದು ಅಂತ ಗೊತ್ತಾಗ್ದೆ, ಯಾವ್ ಗಾಡಿ ಪುರಿ ಹೆಂಗ್ ತಿನ್ಲಿ ಹೇಳು?" ಅಂದಳು. "ತೆಪ್ಪು ಮಾಡಿದ್ದು ಒಂದೇಯ. ಆದ್ರೆ ಅದ್ಯಾವ್ದು ಅಂತ ತಿಳಿಯೋಗಂಟ ಎಲ್ಲಾನೂ ಕಳ್ಳುನ್ ಥರಾನೇ ಕಾಣ್ತವೆ. ಪಾಪ, ಏನೂ ಮಾಡ್ದೋರ್ ಮ್ಯಾಲೂ ವಿಷ ಕಾರ್ಕಂಡು ಬದುಕೋದು ಒಂದ್ ಬದುಕಾ ಕಣಮ್ಮ?"

ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಯಾವುದು ಅಂತ ತಿಳಿಯಬೇಕು. ಉಳಿದವರನ್ನು ಬಿಟ್ಟುಬಿಡಬೇಕು.

ಮಧ್ಯಾಹ್ನ ಟ್ರ್ಯಾಕ್ಟರ್ ಯಜಮಾನನ ಪೂಜೆ. ಬೀದಿಯವರೆಲ್ಲ ಸೇರಿದ್ದೆವು. ಟ್ರ್ಯಾಕ್ಟರಿಗೆ ಬಾಳೆಕಂದು, ಚೆಂಡುಹೂವು. ಗಾಲಿಗಳ ಮುಂದೆ ನಿಂಬೆಹಣ್ಣು. ಗಾಡಿ ಅದನ್ನು ತುಳಿದು ಮುಂದೆ ಹೋದರೆ ಅದಕ್ಕೆ ಅಂಟಿದ ಕೆಟ್ಟದ್ದು ಅಲ್ಲೇ ಉಳಿಯುತ್ತದೆ ಅಂತ ನಂಬಿಕೆ. ಟ್ರಾಲಿಗೆ ಹೀಗೆ ಯಾರೂ ಮಾಡುವುದಿಲ್ಲ. ಟ್ರಾಲಿ ಅಂದರೆ ಎಂಜಿನ್ ಇಲ್ಲದ ಡಬ್ಬ, ಒಂದು ಬೊಟ್ಟು ಕುಂಕುಮ ಹಚ್ಚಿದರೆ ಮುಗಿಯಿತು.

ಅತ್ತೆ ಎಲ್ಲರ ಹಿಂದೆ ನಿಂತಿದ್ದಳು. ಎಲ್ಲರೂ ಮುಂದೆ ಕುಂಬಳಕಾಯಿ ನೋಡುತ್ತಿದ್ದರೆ ಅವಳು ಹಿಂದೆ ನೋಡುತ್ತಿದ್ದಳು.

"ಟ್ರಾಲಿ ಗಾಲಿಗ್ಯಾಕೆ ನಿಂಬೆಹಣ್ಣು?"

ಜೋರಾಗೇನೂ ಕೇಳಲಿಲ್ಲ. ಆದರೂ ಮಂಗಳಾರತಿಯ ಗಂಟೆ ನಿಂತಿತು. ಟ್ರಾಲಿಯ ಎಡಗಡೆಯ ಗಾಲಿಯ ಮುಂದೆ, ಅರಿಸಿನ ಕುಂಕುಮ ಮೆತ್ತಿದ ಹಣ್ಣೊಂದು ಕೂತಿತ್ತು.

"ಇರ್ಲಿ ಅಂತ ನಾನೇ ಇಕ್ಕಿದ್ದು ಕಣಕ್ಕ" ಅಂದಳು ಯಜಮಾನನ ಹೆಂಡತಿ. "ಅದೂ ಗಾಲೀನೇ ಅಲ್ವಾ?"

"ಬಲಗಡೇದು ಗಾಲಿ ಅಲ್ವಾ? ಅದುಕ್ಯಾಕ್ ಇಕ್ಕಿಲ್ಲ?"

ಅವಳು ಗಂಡನ ಕಡೆ ನೋಡಿದಳು. ಅವನು ನೆಲ ನೋಡಿದ. "ಪೋನೀಲೇಮ್ಮಾ, ಪಂಡಗ ರೋಜು ಏಂ ಮಾಟಲು" ಅಂದ. ಹೋಗಲಿ ಬಿಡಮ್ಮ, ಹಬ್ಬದ ದಿನ ಎಂಥ ಮಾತು ಅಂತ. ಮನೆಯಲ್ಲೂ ಬೀದಿಯಲ್ಲೂ ಕನ್ನಡವೇ ಆಡುವ ಮನುಷ್ಯ. ಎದೆ ಅಳುಕಿದಾಗ ನಮ್ಮೂರಿನವರ ಬಾಯಿಗೆ ತೆಲುಗು ಬರುತ್ತದೆ.

ಅತ್ತೆ ಬಗ್ಗಿದಳು. ಗಾಲಿಯಡಿಯ ಹಣ್ಣನ್ನು ತೆಗೆದು ಸೆರಗಿನಲ್ಲಿ ಗಂಟು ಹಾಕಿಕೊಂಡಳು. ಗಾಲಿಗೆ ಇಟ್ಟ ಹಣ್ಣನ್ನು ಯಾರೂ ಕೈಯಲ್ಲಿ ಮುಟ್ಟುವುದಿಲ್ಲ.

"ಅಲ್ಲೇ ಇಕ್ಕಮ್ಮ. ಅದ್ನ ಮುಟ್ಬಾರ್ದು" ಅಂದ ಯಜಮಾನ.

"ಇನ್ನೊಂದ್ ಇಕ್ಕಪ್ಪ. ಮನೆ ತುಂಬ ನಿಂಬೆಹಣ್ ಐತೆ, ಅದುಕ್ಕೇನು ಬರ?"

ಯಜಮಾನನ ಕೈಯಲ್ಲಿದ್ದ ತಟ್ಟೆಯಲ್ಲಿ ಹಣ್ಣುಗಳಿದ್ದವು. ಒಂದು ತೆಗೆದು ಇಟ್ಟಿದ್ದರೆ ಆಗುತ್ತಿತ್ತು. ಅಥವಾ ಇಡದೆಯೇ ಗಾಡಿ ಮುಂದಕ್ಕೆ ಬಿಡಬಹುದಿತ್ತು. ಇಟ್ಟರೆ ಊರಿನ ಮುಂದೆ ಒಪ್ಪಿಕೊಂಡ ಹಾಗೆ. ಇಡದಿದ್ದರೆ ಆ ಗಾಲಿ ಹಾಗೇ ಉರುಳಬೇಕು, ಆ ಧೈರ್ಯವೂ ಅವನಿಗಿರಲಿಲ್ಲ. ಎಷ್ಟೋ ಹೊತ್ತು ನಿಂತಿದ್ದವನು ಕೊನೆಗೆ ಹಿಂದೆ ಬಂದು ಟ್ರಾಲಿಯ ಕೊಂಡಿ ಕಳಚಿದ. ಟ್ರ್ಯಾಕ್ಟರ್ ಮಾತ್ರ ತನ್ನ ಹಣ್ಣು ತುಳಿದುಕೊಂಡು ಮುಂದೆ ಹೋಯಿತು. ಟ್ರಾಲಿ ಮೂತಿ ನೆಲಕ್ಕೆ ಊರಿಕೊಂಡು ಅಲ್ಲೇ ನಿಂತಿತು.

"ಎತ್ತಿನ್ ಮೂಗುದಾರ ಕಳಚ್ದಂಗೆ ಕಳಚ್ಬುಟ್ನಲ್ಲೇ" ಅಂದಳು ಪಕ್ಕದ ಮುದುಕಿ.

ಮನೆಗೆ ತಿರುಗುವಾಗ ನಾನು, ಓದಿದವಳ ಆವೇಶದಲ್ಲಿ, "ಕಂಪ್ಲೇಂಟ್ ಕೊಡಾನ ಅತ್ತೆ, ನಾನ್ ಬರ್ದು ಕೊಡ್ತೀನಿ" ಅಂದೆ.

"ನಿಂಬೆಹಣ್ಣು ಹೋಗಿ ಸ್ಟೇಷನ್ನಾಗೆ ಸಾಕ್ಷಿ ಹೇಳ್ತದಾ? ಬಿಡು. ನಂಗ್ ಬೇಕಾಗಿದ್ದು ಸಿಕ್ತು."

ಹಣ್ಣು ಅವಳ ಗೋಡೆಯ ಗೂಡಿನಲ್ಲಿ ಒಣಗಿ ಕಲ್ಲಾಯಿತು. ಟ್ರಾಲಿಯನ್ನು ಯಜಮಾನ ಮಾರಿದ, ಹಿಂದೂಪುರದ ಕಡೆ ಯಾರಿಗೋ ಅಂತ ಸುದ್ದಿ. ಮುಂದಿನ ವರ್ಷದ ಆಯುಧ ಪೂಜೆಗೆ ಅತ್ತೆ ಆಟೊದವನ ಪುರಿಯನ್ನು ಜಗಲಿಯ ಮೇಲೆ ಕೂತು, ಬೀದಿಗೆಲ್ಲ ಕಾಣುವ ಹಾಗೆ ತಿಂದಳು. "ಉಪ್ ಕಮ್ಮಿ ಆಗೈತೆ ಕಣ್ಲಾ" ಅಂತ ಅವನನ್ನು ಬೈದಳು. ಅವನ ಮುಖ ನೋಡಬೇಕಿತ್ತು... ಪ್ರಶಸ್ತಿ ಬಂದವನ ಹಾಗೆ ನಿಂತಿದ್ದ. ಅದೇ ಆಟೊ ಹತ್ತಿ ಕಲ್ಯಾಣದುರ್ಗಕ್ಕೂ ಹೋದಳು.

ಇಷ್ಟು ವರ್ಷ ಈ ಕೇಸುಗಳ ನಡುವೆ ಕೂತ ಮೇಲೆ ಒಮ್ಮೊಮ್ಮೆ ಅತ್ತೆಯ ಅನುಮಾನದ ಮೇಲೆಯೇ ನನಗೆ ಅನುಮಾನ ಬರುತ್ತದೆ. ಬಳ್ಳಿ ತುಂಬಿದ ಟ್ರಾಲಿಗೆ ಹಿಂದೆ ಕೆಂಪು ದೀಪ ಇರುವುದಿಲ್ಲ. ಬಳ್ಳಿ ಎರಡೂ ಕಡೆ ಜೋತುಬಿದ್ದು ಅರ್ಧ ರಸ್ತೆ ನುಂಗಿರುತ್ತದೆ. ಎಡಪಕ್ಕದಲ್ಲಿ ದಾಟಲು ಹೋದ ಮೊಪೆಡ್ಡಿನ ಹ್ಯಾಂಡಲ್ಲು ಸಿಕ್ಕಿಕೊಂಡರೆ, ಮುಂದೆ ಎಂಜಿನ್ನಿನ ಸದ್ದಿನಲ್ಲಿ ಕೂತವನಿಗೆ ಗೊತ್ತೇ ಆಗುವುದಿಲ್ಲ. ಗೊತ್ತಾಗಿ ಸುಮ್ಮನಿದ್ದನೋ, ಮನೆಗೆ ಹೋಗಿ ಗಾಲಿ ನೋಡಿದ ಮೇಲೆ ಗೊತ್ತಾಯಿತೋ... ಇಲ್ಲ, ಅವನ ಹೆಂಡತಿ ನಿಜವಾಗಿಯೂ "ಇರ್ಲಿ" ಅಂತಲೇ ಇಟ್ಟಿದ್ದಳೋ. ಹಾಗಿದ್ದರೆ ಇನ್ನೊಂದು ಹಣ್ಣು ಇಡಲು ಏನು ಅಡ್ಡಿಯಿತ್ತು? ಯೋಚನೆ ಪ್ರತಿ ಸಲವೂ ಅಲ್ಲಿಗೇ ಬಂದು ನಿಲ್ಲುತ್ತದೆ.

ಅತ್ತೆ ಹೋದದ್ದು ಜ್ವರದಿಂದ. ಸುದ್ದಿ ಬಂದು ನಾನು ಹಿಂದೂಪುರದಿಂದ ಊರು ಸೇರುವ ಹೊತ್ತಿಗೆ ಎಲ್ಲ ಸಿದ್ಧವಾಗಿತ್ತು. ಮಣ್ಣು ಮಾಡುವ ಜಾಗ ದೂರ. ಪಕ್ಕದೂರಿನಿಂದ ಟ್ರ್ಯಾಕ್ಟರ್ ತರಿಸಿ, ಟ್ರಾಲಿಗೆ ಹೂವು ಕಟ್ಟಿದ್ದರು. ನೀಲಿ ಬಣ್ಣದ ಟ್ರಾಲಿ. ನಾನು ಹಿಂದಕ್ಕೆ ಹೋಗಿ, ಗಾಲಿಯ ಮೇಲಿನ ತಗಡನ್ನು ಉಗುರಿನಿಂದ ಕೆರೆದೆ. ನೀಲಿಯ ಕೆಳಗೆ ಕೆಂಪು ಬಂತು.

ಕೆಂಪು ಟ್ರಾಲಿಗಳಿಗೆ ನಮ್ಮ ಸೀಮೆಯಲ್ಲಿ ಬರವಿಲ್ಲ. ಅದು ನನಗೂ ಗೊತ್ತು. ಆದರೂ ನನ್ನ ಬಾಯಿ ಸುಮ್ಮನಿರಲಿಲ್ಲ.

"ಇದ್ರಾಗ್ ಬ್ಯಾಡ. ಹೆಗಲ್ ಮ್ಯಾಲೆ ಹೊರ್ರಿ."

"ಬಿಸ್ಲು ಕಣಮ್ಮ, ಬಲು ದೂರ" ಅಂದರು.

"ನೀವ್ ಹೊರ್ದಿದ್ರೆ ನಾನ್ ಹೊರ್ತೀನಿ."

ಆಮೇಲೆ ನೋಡಿದರೆ, ಗುಂಪಿನ ಹಿಂದೆ ಕೋಲೂರಿಕೊಂಡು ನಿಂತಿದ್ದ ಟ್ರ್ಯಾಕ್ಟರ್ ಯಜಮಾನ, ಅಷ್ಟರಲ್ಲಿ ಹಣ್ಣುಹಣ್ಣು ಮುದುಕನಾಗಿದ್ದವನು, ನನ್ನ ಕಡೆ ನೋಡದೆಯೇ ಹೇಳಿದ: "ಓದಿರೋ ಮಗು ಹೇಳ್ತಾ ಐತೆ, ಹೊರ್ರಲಾ."

ಹೊತ್ತರು. ಖಾಲಿ ಟ್ರಾಲಿ ಹೂವು ಕಟ್ಟಿಕೊಂಡು ಬೀದಿಯಲ್ಲೇ ಉಳಿಯಿತು. ಅವನು ಯಾಕೆ ಹಾಗಂದ ಅಂತ ನಾನು ಕೇಳಲಿಲ್ಲ. ಈಗ ಅವನೂ ಇಲ್ಲ.

ಮೊನ್ನೆ ಪೂಜೆ ಮುಗಿದ ಮೇಲೆ ಮಂಡಿಯ ಗುಮಾಸ್ತರು ಪುರಿಯ ಪೊಟ್ಟಣ ಹಿಡಿದು ಆಫೀಸಿನ ಮೆಟ್ಟಿಲು ಹತ್ತಿ ಬಂದರು. "ತಗೊಳಮ್ಮ, ಪ್ರಸಾದ."

"ಯಾವ ಗಾಡಿದು?" ಅಂದೆ.

ಅವರಿಗೆ ನಗು ಬಂತು. "ಎಲ್ಲಾ ಸೇರ್ಸಿ ಒಂದೇ ಪೂಜೆ ಅಲ್ವೇನಮ್ಮ? ಯಾವ್ದು ಅಂತ ಹೇಳ್ಲಿ?"

ಎರಡೂ ಕೈ ಒಡ್ಡಿ ಇಸಿದುಕೊಂಡೆ. ಅವರು ಇಳಿದು ಹೋಗುವವರೆಗೂ ಕಾದು, ಪೊಟ್ಟಣ ಬಿಚ್ಚಿ ಮೇಜಿನ ಮೇಲೆ ಕೇಸಿನ ಫೈಲುಗಳ ಪಕ್ಕ ಇಟ್ಟೆ. ಕೆಳಗೆ ಲಾರಿಗಳೆಲ್ಲ ಹೋಗಿಯಾಗಿತ್ತು, ಜಜ್ಜಿದ ಸಿಪ್ಪೆಗಳು ರಸ್ತೆಗೆ ಅಂಟಿದ್ದವು. ಅತ್ತೆಯಾಗಿದ್ದರೆ ಕೋಳಿಗೆ ಹಾಕುತ್ತಿದ್ದಳು. ಇಲ್ಲಿ ನನಗೆ ಕೋಳಿಯೂ ಇಲ್ಲ, ಉಪ್ಪು ಕಮ್ಮಿ ಅಂತ ಹೇಳಲು ಅವಳೂ ಇಲ್ಲ... ಒಂದು ಕಾಳೂ ತಿನ್ನದೆ ಬಿಟ್ಟ ಪುರಿ ಸಂಜೆಯ ಹೊತ್ತಿಗೆ ಮೆತ್ತಗಾಗಿತ್ತು.